ಶಿಕಾಗೋದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ವಲಸೆ ಇತಿಹಾಸದ ಪ್ರಾಜೆಕ್ಟಿಗೆ ಸೆನ್ಸಸ್ ಡೇಟಾ ಸಾಕಾ, ಸ್ಪ್ಯಾನಿಷ್ ಕಲೀಲೇಬೇಕಾ?

ಶಿಕಾಗೋ, ಸೆನ್ಸಸ್, ತಲೆ ಮೇಲೆ ಡೆಡ್‌ಲೈನ್... ನಾನೂ ಅಲ್ಲಿ ಓದುವಾಗ ಇದೇ ಹಳ್ಳಕ್ಕೆ ಬಿದ್ದಿದ್ದೆ ಕಣ್ರೀ. ನನ್ನ ಟಾಪಿಕ್ಕು ಅಲ್ಲಿನ ಮೆಕ್ಸಿಕನ್ನರು. ಸ್ಪ್ಯಾನಿಷ್ ಬರಲ್ಲ, ಎಕ್ಸೆಲ್ ಬರತ್ತೆ, ಅಷ್ಟೇ ಧೈರ್ಯ.

1930ರ ಸೆನ್ಸಸ್‌ನಲ್ಲಿ ಶಿಕಾಗೋದಲ್ಲಿ 20 ಸಾವಿರದ ಹತ್ತಿರ ಮೆಕ್ಸಿಕನ್ನರಿದ್ರು, 1940ರ ಜನಾಂಗದ ಕಾಲಮ್ಮಲ್ಲಿ ಹುಡುಕಿದ್ರೆ ಹೆಸರೇ ಇಲ್ಲ. ಮಧ್ಯದಲ್ಲಿ ಆರ್ಥಿಕ ಕುಸಿತ, ದೇಶದಾದ್ಯಂತ ಲಕ್ಷಗಟ್ಟಲೆ ಜನರನ್ನ ಮೆಕ್ಸಿಕೋಗೆ ಸಾಗಹಾಕಿದ್ದು ನಿಜ, ಅದರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಇದ್ರು. ಸರಿ, ಎಲ್ಲರನ್ನೂ ಓಡಿಸಿದ್ರು, 1942ರ ಬ್ರಸೇರೋ ಒಪ್ಪಂದ (ಮೆಕ್ಸಿಕೋದಿಂದ ಕೂಲಿಕಾರರನ್ನ ತಾತ್ಕಾಲಿಕವಾಗಿ ಅಮೆರಿಕಕ್ಕೆ ಕರೆಸೋ ಒಪ್ಪಂದ) ಆದ್ಮೇಲೆ ವಲಸೆ ಸೊನ್ನೆಯಿಂದ ಶುರುವಾಯ್ತು ಅಂತ ಇಡೀ ಅಧ್ಯಾಯ ಬರೆದೆ. ಗೈಡ್ ಕೇಳಿದ್ದು ಇಷ್ಟೇ, "ಎಣಿಕೆದಾರರಿಗೆ ಕೊಟ್ಟ ಸೂಚನೆ ಓದಿದೀರಾ?" ಓದಿರಲಿಲ್ಲ. 'ಮೆಕ್ಸಿಕನ್' ಅನ್ನೋದನ್ನ ಜನಾಂಗ ಅಂತ ಬರ್ಕೊಂಡಿದ್ದು 1930ರಲ್ಲಿ ಮಾತ್ರ, 1940ರಲ್ಲಿ ಅದೇ ಜನರನ್ನ ಹೆಚ್ಚುಕಡಿಮೆ ಎಲ್ಲರನ್ನೂ ಬಿಳಿಯರ ಲೆಕ್ಕಕ್ಕೆ ಹಾಕಿದ್ರು! ಹುಟ್ಟಿದ ದೇಶದ ಕಾಲಮ್ ನೋಡ್ತೀನಿ ಅಂದ್ರೂ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಸಿಗಲ್ಲ. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ದೇಶಗಳ) ಮೂಲದ ಪ್ರಶ್ನೆ 1970ರಲ್ಲಿ ಕೇಳಿದ್ದು ನೂರಕ್ಕೆ ಐದು ಮನೆಗೆ, ಎಲ್ಲರಿಗೂ ಕೇಳಿದ್ದು 1980ರಲ್ಲಿ. ಅಧ್ಯಾಯ ಕಸದಬುಟ್ಟಿಗೆ, ಆ ಸೆಮಿಸ್ಟರಿನ ಫಂಡಿಂಗೂ ಹೋಯ್ತು.

ಅದಕ್ಕೇ ಡೇಟಾನಾ ಸ್ಪ್ಯಾನಿಷಾ ಅನ್ನೋ ಪ್ರಶ್ನೆನೇ ಸರಿ ಇಲ್ಲ ಅನ್ಸತ್ತೆ ನಂಗೆ. ಮೊದಲು ಆ ಜನ ಬದುಕಿದ ಜಾಗಗಳನ್ನ ನೋಡಿ. ಸೌತ್ ಶಿಕಾಗೋಗೆ ಹೋಗಿ. ಉಕ್ಕಿನ ಕಾರ್ಖಾನೆ ಕೆಲಸಗಾರರಿಗೆ ಅಂತ 1923ರಲ್ಲಿ ಶುರುವಾದ ಅವರ್ ಲೇಡಿ ಆಫ್ ಗ್ವಾಡಲೂಪ್ ಚರ್ಚಿದೆ, ನಾನು ಎಲ್ಲರೂ ಹೋಗ್ಬಿಟ್ರು ಅಂತ ಬರೆದ ಆ ವರ್ಷಗಳಲ್ಲೂ ಅಲ್ಲಿ ಪೂಜೆ ನಡೀತಾನೇ ಇತ್ತು. ಆಮೇಲೆ ಶಿಕಾಗೋದ್ದೇ ಪಿಲ್ಸೆನ್ ಬಡಾವಣೆ. ಅದು ಮೊದಲು ಚೆಕ್ ಜನರ ಏರಿಯಾ, 60ರ ದಶಕದಲ್ಲಿ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಅಂತ ಪಕ್ಕದ ನಿಯರ್ ವೆಸ್ಟ್ ಸೈಡಲ್ಲಿ ಮನೆ ಕೆಡವಿದಾಗ ಮೆಕ್ಸಿಕನ್ ಕುಟುಂಬಗಳು ಪಿಲ್ಸೆನ್‌ನ 18ನೇ ಸ್ಟ್ರೀಟ್ ಕಡೆ ಬಂದ್ವು. ಹತ್ತಿರ ಹೈಸ್ಕೂಲ್ ಇಲ್ಲ ಅಂತ ತಾಯಂದಿರು ಬೀದಿಗಿಳಿದು ಹೋರಾಡಿದ್ರು, 1977ರಲ್ಲಿ ಬೆನಿತೋ ಹುವಾರೆಸ್ ಹೈಸ್ಕೂಲ್ ಬಂತು. ಟೀಚರ್‌ಗಳು ಸೇರಿ ಕಟ್ಟಿದ ಮೆಕ್ಸಿಕನ್ ಕಲೆಯ ಮ್ಯೂಸಿಯಂ ಬಾಗಿಲು ತೆಗೆದಿದ್ದು 1987ರಲ್ಲಿ, ಎಂಟ್ರಿ ಫ್ರೀ, ಪಿಲ್ಸೆನ್ ಸುತ್ತೋದನ್ನ ಅಲ್ಲಿಂದಲೇ ಶುರು ಮಾಡಿ.

ಸ್ಪ್ಯಾನಿಷ್ ಆಮೇಲೆ ನೋಡ್ಕೊಳ್ಳಿ, ವಲಸಿಗರ ಎರಡನೇ ತಲೆಮಾರಿನವರು ಆರಾಮಾಗಿ ಇಂಗ್ಲಿಷಲ್ಲೇ ಮಾತಾಡ್ತಾರೆ, ಹಳೇ ಚರ್ಚ್ ರಿಜಿಸ್ಟರ್ ಓದೋಕೆ ಮಾತ್ರ ಭಾಷೆ ಬಲ್ಲವರು ಯಾರನ್ನಾದ್ರೂ ಕರ್ಕೊಂಡು ಹೋಗಿ.