ಭುಜದಲ್ಲಿ ಹರಿದ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರಿಗೆ) ಪ್ರಾಣಿಯ ಅಂಗಾಂಶದ ಪಟ್ಟಿ ಹಾಕಿದರೆ ದೇಹ ತಿರಸ್ಕರಿಸುವುದಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಕಲಬುರಗಿಯಲ್ಲಿ ತೊಗರಿ ಮೂಟೆ ಹೊರುವ ನಿಮ್ಮ ತಂದೆಯವರಿಗೆ ವೈದ್ಯರು ಸೂಚಿಸಿರುವ ಇಂಥ ಪಟ್ಟಿಯಲ್ಲಿ ಪ್ರಾಣಿಯ ಜೀವಕೋಶಗಳನ್ನು ತೊಳೆದು ತೆಗೆದಿರುತ್ತಾರೆ. ದೇಹ ಮುಖ್ಯವಾಗಿ ಪರಕೀಯವೆಂದು ಗುರುತಿಸುವುದು ಆ ಕೋಶಗಳನ್ನೇ. ಉಳಿಯುವುದು ಕೊಲಾಜನ್ ಎಂಬ ನಾರಿನಂಥ ಪ್ರೋಟೀನು. ದನ, ಹಂದಿ, ಮನುಷ್ಯರಲ್ಲಿ ಅದರ ರಚನೆ ಬಹುಪಾಲು ಒಂದೇ.

ಪಟ್ಟಿಯೇ ಸ್ನಾಯುರಜ್ಜು ಆಗುವುದಿಲ್ಲ. ಅದು ಬಳ್ಳಿಗೆ ಚಪ್ಪರವಿದ್ದಂತೆ. ನಿಮ್ಮ ತಂದೆಯವರದೇ ಕೋಶಗಳು, ಸಣ್ಣ ರಕ್ತನಾಳಗಳು ಅದರೊಳಗೆ ಹಬ್ಬಿ ಹೊಸ ಕೊಲಾಜನ್ ಕಟ್ಟುತ್ತವೆ, ಹಾಕಿದ ಪಟ್ಟಿ ತಿಂಗಳುಗಳಲ್ಲಿ ನಿಧಾನವಾಗಿ ಕರಗುತ್ತದೆ. ಹೊಸ ನಾರುಗಳು ಸರಿಯಾದ ದಿಕ್ಕಿನಲ್ಲಿ ಸಾಲುಗೂಡಲು ಹದವಾದ ಎಳೆತ ಬೇಕು. ಹಾಗಾಗಿ ಫಿಸಿಯೋಥೆರಪಿ ದಯವಿಟ್ಟು ತಪ್ಪಿಸಬೇಡಿ. ವೈದ್ಯರು ಹೇಳುವ ಮೊದಲು ಮೂಟೆ ಎತ್ತಿದರೆ ಮತ್ತೆ ಹರಿಯಬಹುದು.

ಎಲ್ಲ ಪಟ್ಟಿಗಳೂ ಸಮಾನವಲ್ಲ. ಹಂದಿಯ ಸಣ್ಣ ಕರುಳಿನ ಪದರದಿಂದ ಮಾಡಿದವು ಭುಜದ ಸ್ನಾಯುರಜ್ಜು ದೊಡ್ಡದಾಗಿ ಹರಿದವರಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ, ಕೆಲವರಿಗೆ ಬಾವೂ ಬಂತು. ಯಾವ ಪ್ರಾಣಿಯದು, ಯಾವ ಭಾಗದ್ದು ಎಂದು ಮೊದಲೇ ಕೇಳಿ. ಧರ್ಮದ ಕಾರಣಕ್ಕೆ ಆಕ್ಷೇಪವಿದ್ದರೆ ಸಂಕೋಚವಿಲ್ಲದೆ ಹೇಳಿ. ಮನುಷ್ಯ ದಾನಿಗಳ ಚರ್ಮದಿಂದ ತಯಾರಿಸಿದ ಪಟ್ಟಿಗಳೂ ಇವೆ.