ಅತ್ತೆ ಹೇಳಿದ ಬೆಲೆ

ಕೊಡಬೇಡಿ. ನಿಮ್ಮ ನಾಯಕಿಗೆ ಕಥೆಯ ಕೊನೆಯಲ್ಲಿ 'ಒಂದು ದಿಟ್ಟ ನಿರ್ಧಾರ' ಕೊಡಬೇಡಿ. ಗಂಡನ ಕೆಲಸ ಹೋಯಿತು, ಮಾಲೀಕರು ಮನೆ ಬಿಡಿಸಿದರು, ಮಾವ ಹಾಸಿಗೆ ಹಿಡಿದರು, ಅವಳು ಬಂದದ್ದಕ್ಕೆಲ್ಲ ತಲೆಕೊಡುತ್ತಾಳೆಯೇ ಹೊರತು ತಾನಾಗಿ ಏನನ್ನೂ ಆರಿಸಿಕೊಳ್ಳುವುದಿಲ್ಲ, ಓದಿದವರೆಲ್ಲ 'ನಿಷ್ಕ್ರಿಯ ಪಾತ್ರ' ಎನ್ನುತ್ತಾರೆ ಎಂದು ಬರೆದಿದ್ದೀರಿ. ಇದೇ ಮಾತನ್ನು ನನಗೂ ಹೇಳಿದ್ದರು. ನಾನು ಕೇಳಿದೆ. ಕೇಳಿ ಒಂದು ಕಥೆಯನ್ನು ಕೆಡಿಸಿಕೊಂಡೆ, ಕಥೆಗಿಂತ ದೊಡ್ಡದೊಂದನ್ನು ಕಳೆದುಕೊಂಡೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಪ್ಪನ ಹೆಸರಿನಲ್ಲಿದ್ದ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ, ಅದರ ಸೊಪ್ಪಿನಲ್ಲಿ ರೇಷ್ಮೆಹುಳು ಮೇಯಿಸುತ್ತಿದ್ದವರು ಅತ್ತೆ, ಅಂದರೆ ಅಪ್ಪನ ತಂಗಿ. ಗಂಡ ತೀರಿಹೋದ ಮೇಲೆ ನಮ್ಮ ಮನೆಗೇ ಬಂದಿದ್ದರು. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಭಾನುವಾರ ಊರಿಗೆ ಬರುತ್ತಿದ್ದರು. ಭೂಮಿ ಅಪ್ಪನದು, ಹುಳು ಅತ್ತೆಯದು ಎಂಬಂತಿತ್ತು ಮನೆ.

ರೇಷ್ಮೆ ಸಾಕಿದ ಮನೆಯವರಲ್ಲದಿದ್ದರೆ ಇದೊಂದನ್ನು ಮೊದಲು ತಿಳಿದುಕೊಳ್ಳಬೇಕು. ನಾನು ಹೇಳುವುದೆಲ್ಲ ಇದರ ಮೇಲೆ ನಿಂತಿದೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ, ಅಂದರೆ ಮೇಯುವುದನ್ನು ನಿಲ್ಲಿಸಿ ಪೊರೆ ಬಿಡುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಸುಮಾರು ಒಂದು ವಾರದಲ್ಲಿ, ಅದು ಬದುಕಿನಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತಿನ್ನುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮನೆಯೊಳಗೆ ಮಳೆ ಬಿದ್ದಂತೆ ಸೊಪ್ಪು ಕಡಿಯುವ ಸದ್ದು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಗಳಿಗೆಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು, ಮನೆಯಲ್ಲಿ ಹೆಣ ಬಿದ್ದಿದ್ದರೂ ಬಿಡಬೇಕು. ಅಲ್ಲಿಂದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಹುಳು ಕೋಶವಾಗಿ, ಆಮೇಲೆ ಚಿಟ್ಟೆಯಾಗಿ, ಗೂಡಿಗೆ ತೂತು ಮಾಡಿಕೊಂಡು ಹೊರಬರುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ ಅಲ್ಲಿಗೆ ತುಂಡು. ತೂತು ಬಿದ್ದ ಗೂಡನ್ನು ಯಾವ ರೀಲರೂ ನೂಲು ಬಿಚ್ಚಲು ಕೊಳ್ಳುವುದಿಲ್ಲ. ಬಿಸಿಗಾಳಿಯಲ್ಲೋ ಹಬೆಯಲ್ಲೋ ಕೋಶವನ್ನು ಕೊಂದು ಗೂಡನ್ನು ಉಳಿಸಿಕೊಳ್ಳುವ ಅನುಕೂಲ ಇರುವುದು ಕೊಳ್ಳುವವನ ಬಳಿ, ಮಾರುವವಳ ಬಳಿಯಲ್ಲ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ರೇಷ್ಮೆ ಅಗ್ಗವಾಯಿತು, ನಮ್ಮ ಗೂಡಿನ ಬೆಲೆ ನೆಲ ಕಚ್ಚಿತು. ಊರೂರಲ್ಲಿ ಹಿಪ್ಪುನೇರಳೆ ಕಿತ್ತು ಹಾಕಿದರು. ಅಪ್ಪನೂ ಕಿತ್ತು ಬಿಸಾಡೋಣ ಎಂದು ಪ್ರತಿ ಭಾನುವಾರ ಹೇಳುತ್ತಿದ್ದರು. ಆ ವರ್ಷ ನಾನು ಪಿಯುಸಿಯಲ್ಲಿದ್ದೆ. 100 ಮೊಟ್ಟೆಯ ಬೆಳೆ (ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ ಸೇರಿ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ), 62 ಕಿಲೋ ಗೂಡು. ಅತ್ತೆಯ ಜೊತೆ ಶಿಡ್ಲಘಟ್ಟದ ಮಾರುಕಟ್ಟೆಗೆ ಚೀಲ ಹೊರಲು ಹೋದವನು ನಾನೇ. ರೀಲರುಗಳು ಬಂದರು, ಹಿಡಿ ಗೂಡು ತೆಗೆದು ಕಿವಿಯ ಹತ್ತಿರ ಅಲುಗಾಡಿಸಿದರು, ಕೂಗಿದರು. ಕಿಲೋಗೆ 135 ರೂಪಾಯಿಗೆ ನಿಂತಿತು. ಒಪ್ಪದಿದ್ದರೆ ಇನ್ನೊಂದು ಸುತ್ತು ಹರಾಜಿಗೆ ಇಡಬಹುದಿತ್ತು. ಇಟ್ಟೆವು. ಎರಡನೇ ಸುತ್ತಿನಲ್ಲಿ ಅಷ್ಟೂ ಬರಲಿಲ್ಲ. ಮತ್ತೆ ಹೋಗಿ ಮೊದಲಿನವನನ್ನೇ ಕೇಳಿ 135ಕ್ಕೇ ಕೊಟ್ಟೆವು.

ಬಸ್ಸಿನಲ್ಲಿ ಅತ್ತೆ ಮಾರಾಟದ ಬಿಲ್ಲನ್ನು ಸಣ್ಣಗೆ ಹರಿದು ಕಿಟಕಿಯಿಂದಾಚೆ ಬಿಟ್ಟರು. "ಅಣ್ಣ ಕೇಳಿದರೆ 175 ಅನ್ನು. ಗೂಡು ಚೆನ್ನಾಗಿತ್ತು, ಅದಕ್ಕೇ ಹೆಚ್ಚು ಬಂತು ಅನ್ನು" ಎಂದರು. ಭಾನುವಾರ ಅಪ್ಪನ ಕೈಗೆ 10,850 ರೂಪಾಯಿ ಎಣಿಸಿ ಕೊಟ್ಟರು. ನಡುವಿನ 2,480 ರೂಪಾಯಿ ಅವರು ಚೀಟಿ ಹಾಕಿ ಕೂಡಿಟ್ಟಿದ್ದ ಹಣ. ಅಪ್ಪ ನೋಟು ಎಣಿಸಿ, "ಹಾಗಾದರೆ ಇನ್ನೊಂದು ಬೆಳೆ ನೋಡೋಣ" ಎಂದರು. ಹೀಗೆ ತೋಟ ಇನ್ನೆರಡು ಬೆಳೆಯವರೆಗೆ ಉಳಿಯಿತು. ಆಮೇಲೆ ಅಪ್ಪ ಕಿತ್ತೇಬಿಟ್ಟರು.

ಐದು ವರ್ಷದ ನಂತರ, ಅಪ್ಪ ತೀರಿಕೊಂಡ ಮೇಲೆ, ಇದನ್ನು ಕಥೆ ಮಾಡಿದೆ. ಮೊದಲ ಕರಡಿನಲ್ಲಿ ಎಲ್ಲವೂ ಇತ್ತು. ಹುಳು, ಹರಾಜು, ಹರಿದ ಬಿಲ್ಲು, ಸುಳ್ಳು ಬೆಲೆ. ಒಂದು ಕಥಾ ಶಿಬಿರದಲ್ಲಿ ಓದಿದೆ. ಅಲ್ಲಿದ್ದ ಹಿರಿಯರು ನಿಮಗೆ ಹೇಳಿದ್ದನ್ನೇ ಹೇಳಿದರು: ಇವಳು ಏನನ್ನೂ ಮಾಡುವುದಿಲ್ಲ, ಇವಳಿಗೆ ಎಲ್ಲವೂ ಆಗುತ್ತದೆ, ನಾಯಕಿ ಎಂದ ಮೇಲೆ ಒಂದು ಕಡೆಯಾದರೂ ಎದ್ದು ನಿಲ್ಲಬೇಕು.

ನನ್ನ ತಪ್ಪು ಎಲ್ಲಿ ಆಯಿತು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೀಗ ಅದೇ ಹೊಸಿಲಲ್ಲಿ ನಿಂತಿದ್ದೀರಿ. ನಾನು ಮೊದಲು ಬದಲಿಸಿದ್ದು ಒಂದೇ ವಾಕ್ಯ. 'ಮೊದಲಿನವನಿಗೇ ಕೊಟ್ಟಳು' ಎಂದಿದ್ದುದನ್ನು ಹೊಡೆದು 'ಕೊಡುವುದಿಲ್ಲ ಎಂದಳು' ಎಂದು ಬರೆದೆ. ಕೊಡಲಿಲ್ಲವೆಂದರೆ ಚೀಲ ಹೊತ್ತು ವಾಪಸು ಬರಬೇಕಲ್ಲ? ಬಂದಳು. ವಾಪಸು ಬಂದವಳ ಬಳಿ ಮಾರಾಟದ ಬಿಲ್ಲು ಇರುವುದಿಲ್ಲ, ಬಿಲ್ಲಿಲ್ಲದ ಮೇಲೆ ಹರಿಯುವುದೂ ಇಲ್ಲ, ಅಣ್ಣನಿಗೆ ಹೇಳಲು ಬೆಲೆಯೇ ಇಲ್ಲ. ಬಸ್ಸಿನ ದೃಶ್ಯ ಹೋಯಿತು, ಭಾನುವಾರದ ದೃಶ್ಯ ಹೋಯಿತು, ಚೀಟಿ ಹಣ ಹೋಯಿತು. ಒಂದು ಎಳೆ ಎಳೆದದ್ದಕ್ಕೆ ಇಡೀ ಗೂಡು ಬಿಚ್ಚಿಕೊಂಡಿತು. ಅವನ್ನೆಲ್ಲ ಬಿಡುವಾಗ ನನಗೆ ಸಂಕಟವೂ ಆಗಲಿಲ್ಲ. ಅಣ್ಣನಿಗೆ ಹೆದರಿ ಸುಳ್ಳು ಹೇಳುವುದು ಸಣ್ಣ ವಿಷಯ, ಮಾರುಕಟ್ಟೆಯನ್ನು ಎದುರಿಸುವುದು ದೊಡ್ಡ ವಿಷಯ ಎಂದು ನಂಬಿದ್ದೆ. ಕೊನೆಯಲ್ಲಿ ಅವಳು ತಲೆಯ ಮೇಲೆ ಚೀಲ ಹೊತ್ತು ಏರಿಯ ಮೇಲೆ ನಡೆದು ಬರುತ್ತಾಳೆ, ಬೆನ್ನ ಹಿಂದೆ ಸೂರ್ಯ ಇಳಿಯುತ್ತಾನೆ. ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ಮೆಚ್ಚಿ ಪತ್ರ ಬರೆದವರೂ ಇದ್ದರು.

ಪತ್ರಿಕೆ ಹಿಡಿದು ಅತ್ತೆಗೆ ಓದಿ ಹೇಳಿದೆ. ಹುಳದ ಭಾಗ ಕೇಳುವಾಗ ತಲೆದೂಗುತ್ತಿದ್ದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಕಡೆ ಮನೆಮಾತಿನಲ್ಲಿ ತೆಲುಗು ಬೆರೆತಿದೆ, ಸಿಟ್ಟು ಬಂದರಂತೂ ಅತ್ತೆಗೆ ತೆಲುಗೇ. ಅಂದು ನಿಧಾನವಾಗಿ, ಕನ್ನಡದಲ್ಲೇ ಕೇಳಿದರು: "ವಾಪಸು ತಂದ ಗೂಡನ್ನು ಅವಳು ಏನು ಮಾಡಿದಳಪ್ಪಾ?"

ನನ್ನ ಬಳಿ ಉತ್ತರವಿರಲಿಲ್ಲ. ಹುಳು ಮೇಯಿಸುವ ಮನೆಯಲ್ಲಿ ಬೆಳೆದವನು ನಾನು. ಐದಾರು ದಿನಕ್ಕೆ ಚಿಟ್ಟೆ ಹೊರಬರುತ್ತದೆ, 62 ಕಿಲೋ ಗೂಡೂ ಹಾಳಾಗುತ್ತದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಬರೆದಿದ್ದೆ. ಕಥೆ ಸೂರ್ಯ ಇಳಿಯುವ ಹೊತ್ತಿಗೆ ಮುಗಿಯುವುದರಿಂದ ಆರನೆಯ ದಿನದ ಲೆಕ್ಕವನ್ನು ನಾನು ಕೊಡಬೇಕಾಗಿರಲಿಲ್ಲ. ಅತ್ತೆ ಇನ್ನೊಂದು ಮಾತು ಕೇಳಿದರು. "ಅಣ್ಣನಿಗೆ ಹೇಳಿದ ಬೆಲೆ ಏಕೆ ಬಿಟ್ಟೆ? ಅದನ್ನು ನಿನಗೊಬ್ಬನಿಗೇ ಹೇಳಿದ್ದೆನಲ್ಲ." ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದರು. ಅನ್ನ ಹಾಕಿದರು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದರು. ಹಳೆಯದನ್ನು ಮಾತ್ರ ಮತ್ತೆ ಯಾವತ್ತೂ ಹೇಳಲಿಲ್ಲ. ನಾನು ಕೇಳಿದರೆ "ಏನಿದೆ ಬಿಡಪ್ಪ" ಎನ್ನುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆಯ್ಕೆ ಮಾಡುವ ಪಾತ್ರ, ಪ್ರತಿಕ್ರಿಯಿಸುವ ಪಾತ್ರ ಎಂದು ನೀವು ಎರಡು ಸಾಲು ಮಾಡಿದ್ದೀರಿ. ಆ ಗೆರೆಯನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಬಹಳ ಜನ ಬಲ್ಲ 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯನ್ನು ನೆನೆಯಿರಿ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ಹಿರಿಯರು ತೀರ್ಮಾನಿಸುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಅವಳು ತವರಿಗೆ ಹೋಗುತ್ತಾಳೆ. ಏಕೆ ಅಳುತ್ತಿದ್ದೀಯ ಎಂದು ಅಪ್ಪ ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಹೊಲ ಮನೆ ಕೊಡುತ್ತೇನೆ ಎಂದು ಅಪ್ಪ ಸಮಾಧಾನ ಮಾಡುತ್ತಾನೆ. ಅಲ್ಲಿಂದ ಗೆಳತಿಯ ಮನೆಗೆ ಹೋಗುತ್ತಾಳೆ. ಅವಳಿಗೆ ನಿಜ ಹೇಳುತ್ತಾಳೆ. ಆಮೇಲೆ ಗಂಡನ ಮನೆಗೆ ಮರಳುತ್ತಾಳೆ, ಕೆಲಸ ಮಾಡುತ್ತಾಳೆ, ಕೆರೆಯಲ್ಲಿ ಬಿಟ್ಟುಬಂದ ಬಂಗಾರದ ಬಟ್ಟಲು ತರಲು ಹೋಗುತ್ತಾಳೆ, ಹೆಜ್ಜೆ ಹೆಜ್ಜೆಗೂ ನೀರು ಏರುತ್ತದೆ. ಇಡೀ ಹಾಡಿನಲ್ಲಿ ಅವಳದೇ ಎನ್ನಬಹುದಾದದ್ದು ಇಷ್ಟು: ಅಪ್ಪನಿಗೆ ಏನು ಹೇಳಿದಳು, ಗೆಳತಿಗೆ ಏನು ಹೇಳಿದಳು. ಇದನ್ನು ತೆಗೆದುಹಾಕಿ ಅವಳು ಮಾವನ ಎದುರು ನಿಂತು ಭಾಷಣ ಮಾಡುವಂತೆ ಬರೆದರೆ ನನಗೆ ಆ ಭಾಗೀರಥಿ ಬೇಡ. ನಾನು ಆ ಹಾಡನ್ನು ಶಾಲೆಯಿಂದ ಬಲ್ಲವನು. ಆದರೆ ಅತ್ತೆ ಬಿಲ್ಲು ಹರಿದದ್ದನ್ನು ಹೊಡೆದುಹಾಕುವಾಗ ಅದು ನೆನಪಿಗೆ ಬರಲಿಲ್ಲ.

ಹಾಗೆಂದು ನಿಮ್ಮ ಕಥೆ ಈಗಿರುವಂತೆಯೇ ಸರಿಯಾಗಿದೆ ಎನ್ನಲಾರೆ. ಅಲ್ಲಿ ಇರುವ ತೊಂದರೆ ಬೇರೆ. ಕೆಲಸ ಹೋದದ್ದರಿಂದ ಬಾಡಿಗೆ ನಿಂತಿತು, ಬಾಡಿಗೆ ನಿಂತದ್ದರಿಂದ ಮನೆ ಬಿಡಬೇಕಾಯಿತು, ಇದನ್ನು ನಂಬುತ್ತೇನೆ. ಮಾವನವರ ಕಾಯಿಲೆ ಎಲ್ಲಿಂದ ಬಂತು? ಅದು ನೀವು ತಂದದ್ದು, ಅವಳ ಮೇಲೆ ಇನ್ನೊಂದು ಕಲ್ಲು ಹೇರಲು ತಂದದ್ದು. ಅದನ್ನು ತೆಗೆಯಿರಿ. ಮನೆ ಖಾಲಿ ಮಾಡಲು ಮಾಲೀಕರು ಎಷ್ಟು ದಿನ ಕೊಟ್ಟರು, ಮುಂಗಡದಲ್ಲಿ ಎಷ್ಟು ಹಿಡಿದುಕೊಂಡರು, ಅದು ಕಥೆಯಲ್ಲಿ ಇಲ್ಲ. ಅದು ಬೇಕು. ಗೂಡಿಗೆ ಚಿಟ್ಟೆಯ ದಿನ ಇರುವಂತೆ ಅವಳಿಗೂ ಒಂದು ಗಡುವು ಇರಲಿ, ಆಗ ಅವಳು ಏಕೆ ಬಗ್ಗಿದಳು ಎಂದು ಯಾರೂ ಕೇಳುವುದಿಲ್ಲ. 'ನಾನು' ಎಂದು ಬರೆಯಲೇ, 'ಅವಳು' ಎಂದು ಬರೆಯಲೇ ಎಂದೂ ಕೇಳಿದ್ದೀರಿ. ಯಾವುದಾದರೂ ನಡೆಯುತ್ತದೆ.

ನಿಮ್ಮ ಎರಡನೇ ಪುಟದಲ್ಲಿ ಒಂದು ಸಾಲಿದೆ ಎಂದು ಹೇಳಿದ್ದೀರಿ. ಸಾಮಾನನ್ನೆಲ್ಲ ಬೀದಿಗೆ ತಂದು ಇಟ್ಟಿರುವಾಗ ಅವಳ ಅಮ್ಮನ ಫೋನ್ ಬರುತ್ತದೆ, ಅವಳು ಎರಡು ಮಾತಾಡಿ ಇಡುತ್ತಾಳೆ. ಆ ಎರಡು ಮಾತನ್ನು ನೀವು ಬರೆದೇ ಇಲ್ಲ. ಬೇರೆ ಎಲ್ಲವನ್ನೂ ಬದಿಗಿಟ್ಟು ಅದನ್ನು ಬರೆಯಿರಿ. ಊಟ ಆಯಿತಾ ಎಂದು ಅಮ್ಮ ಕೇಳಿದಾಗ, ಆಟೋದವನು ಪಕ್ಕದಲ್ಲೇ ಕಾಯುತ್ತಿರುವಾಗ, ಅವಳು ಏನು ಹೇಳಿದಳು?