ದೋಣಿಯ ಒಳಾಂಗಣಕ್ಕೆ ಅವಸರ ಬೇಡ

ಪ್ರಶ್ನೆ: ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕನ್ನಡಿಗ ದಂಪತಿ. ವಾಸಕ್ಕೆಂದು 1988ರಲ್ಲಿ ಕಟ್ಟಿದ 57 ಅಡಿಯ ಉಕ್ಕಿನ ನ್ಯಾರೋಬೋಟ್ (ಕಾಲುವೆಯಲ್ಲಿ ಓಡಾಡುವ ಕಿರಿದಾದ ದೋಣಿ) ಕೊಂಡಿದ್ದೇವೆ. ಪಕ್ಕದ ತಗಡು ಮೂಲದಲ್ಲಿ 6 ಮಿ.ಮೀ. ಇತ್ತು, ನೀರಿನ ಗೆರೆಯುದ್ದಕ್ಕೂ ಈಗ ಹಲವೆಡೆ 3.5 ಮಿ.ಮೀ. ಉಳಿದಿದೆ ಎನ್ನುತ್ತದೆ ಸರ್ವೆ ವರದಿ. ಈ ಬೇಸಿಗೆಯಲ್ಲಿ ಒಳಾಂಗಣ ಮುಗಿಸಿ ಮುಂದಿನ ವರ್ಷ ಬೆಸುಗೆ ಮಾಡಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನಿಂದ ಬೆಸೆದರೂ ತಗಡಿನ ಒಳಮುಖ ಕಾದು, ಚಳಿ ತಡೆಯಲು ಅಲ್ಲಿ ಹಾಕುವ ಫೋಮ್ ಹೊತ್ತಿಕೊಳ್ಳಬಹುದು. ಅದರ ಹೊಗೆ ವಿಷ. ಹಾಗಾಗಿ ಬೆಸುಗೆಗೆ ಮುನ್ನ ನೀವು ಹಾಕಿದ ಹಲಗೆಯನ್ನು ನೀವೇ ಕೀಳಬೇಕಾಗುತ್ತದೆ. ವಿಮಾ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಕನಿಷ್ಠ 4 ಮಿ.ಮೀ., ಅದೂ ಈಗ ನಿಮ್ಮ ಬಳಿ ಇಲ್ಲ.

ತುಕ್ಕು ತಿಂದ ಗುಳಿಗಳು ಅಲ್ಲೊಂದು ಇಲ್ಲೊಂದು ಇದ್ದರೆ ಬೆಸುಗೆಯಿಂದ ತುಂಬಿದರೆ ಸಾಕು. ನಿಮ್ಮಲ್ಲಿ ಉದ್ದಕ್ಕೂ ಇರುವುದರಿಂದ ಮೇಲೆ ಹೊಸ ತಗಡು ಹೊದಿಸುವುದೇ ಸರಿ. ಅಂಚನ್ನು ಎಲ್ಲೂ ಬಿಡದೆ ಪೂರ್ತಿ ಬೆಸೆಯಬೇಕು. ಸಣ್ಣ ಬಿರುಕು ಉಳಿದರೂ ಎರಡು ತಗಡುಗಳ ನಡುವೆ ನೀರು ನಿಂತು ಕಣ್ಣಿಗೆ ಬೀಳದೆ ತಿನ್ನುತ್ತದೆ. ತೂಕವನ್ನೂ ಲೆಕ್ಕ ಹಾಕಿ. 5 ಮಿ.ಮೀ. ತಗಡು ಚದರ ಮೀಟರಿಗೆ 39 ಕೆ.ಜಿ. ಎರಡೂ ಪಕ್ಕಕ್ಕೆ 70 ಸೆಂ.ಮೀ. ಎತ್ತರದ ಪಟ್ಟಿ ಎಂದರೆ ಹತ್ತಿರ ಹತ್ತಿರ 950 ಕೆ.ಜಿ.; ದೋಣಿ ಸುಮಾರು 3 ಸೆಂ.ಮೀ. ಕೆಳಗೆ ಕೂರುತ್ತದೆ. ಸಿಂಕ್‌ ಮತ್ತು ಸ್ನಾನದ ನೀರು ಹೊರಹೋಗುವ ತೂತುಗಳು ಅಷ್ಟೇ ನೀರಿಗೆ ಹತ್ತಿರವಾಗುತ್ತವೆ. ಆದ್ದರಿಂದ ತಳದಲ್ಲಿ ತೂಕಕ್ಕೆ ಇಟ್ಟಿರುವ ಇಟ್ಟಿಗೆಗಳಲ್ಲಿ ಅಷ್ಟೇ ತೂಕದಷ್ಟನ್ನು ತೆಗೆದುಬಿಡಿ. ತೆಗೆದಾಗ ತಳವನ್ನು ಒಳಗಿನಿಂದಲೂ ನೋಡಿ: ಸೋರುವ ಕಿಟಕಿ, ನೀರಿನ ಟ್ಯಾಂಕ್‌ಗಳಿಂದ ಬರುವ ತುಕ್ಕನ್ನು ಹೊರಗಿನ ಬಣ್ಣ ತಡೆಯಲಾರದು. ಉಳಿದ ಇಟ್ಟಿಗೆ ಮರಳಿ ಇಡುವಾಗ ಅಡಿಯಲ್ಲಿ ಗಾಳಿಯಾಡಲು ಪಟ್ಟಿ ಕೊಡಿ.

ಹೊಸ ತಗಡಿನ ಮೇಲಿನ ನೀಲಿ-ಕಪ್ಪು ಪೊರೆಯನ್ನು ಗ್ರಿಟ್ ಬ್ಲಾಸ್ಟ್ ಮಾಡಿಸಿ (ಒರಟು ಕಣಗಳನ್ನು ರಭಸದಿಂದ ಹಾಯಿಸಿ) ತೆಗೆಸಲೇಬೇಕು. ಪೊರೆ ಬಿಟ್ಟ ಜಾಗದ ಬರಿ ಉಕ್ಕು ಮೊದಲು ಸವೆಯುವುದರಿಂದ ಗುಳಿ ಬೇಗ ಬೀಳುತ್ತದೆ. ಬ್ಲಾಸ್ಟ್ ಆದಮೇಲೆ ಎಪಾಕ್ಸಿ ಬಣ್ಣ ಬಳಿಸಿ. ದೋಣಿಗೆ ಹಿಂದೆ ಬಳಿದ ಹಳೆ ಟಾರಿನ ಮೇಲೆ ಅದು ಹಿಡಿಯದು. ಸಿಹಿನೀರಿಗೆ ಉಕ್ಕಿನ ಬದಲು ತಾವು ಸವೆದು ಅದನ್ನು ಕಾಯುವ ಮೆಗ್ನೀಸಿಯಂ ಆನೋಡ್‌ಗಳು, ಅವಕ್ಕೆ ಮಾತ್ರ ಬಣ್ಣ ಬಳಿಯಬೇಡಿ. ದಡದ ವಿದ್ಯುತ್ ಪಡೆಯುವುದಾದರೆ ಗ್ಯಾಲ್ವಾನಿಕ್ ಐಸೊಲೇಟರ್ (ಭೂತಂತಿಯ ಮೂಲಕ ಹರಿದು ಉಕ್ಕನ್ನು ಸವೆಸುವ ಸಣ್ಣ ವಿದ್ಯುತ್ತನ್ನು ತಡೆಯುವ ಸಾಧನ) ಹಾಕಿಸಿ.

ಇಷ್ಟಾದ ಮೇಲೆ ಫೋಮ್, ಆಮೇಲೆ ಹಲಗೆ. ಆ ಕಾಲದ ಅನೇಕ ದೋಣಿಗಳಲ್ಲಿ ಫೋಮ್ ಬದಲು ಥರ್ಮೊಕೋಲ್ ಇರುತ್ತದೆ. ಅದಕ್ಕೆ ತಾಗಿದ ಪಿವಿಸಿ ತಂತಿಯ ಹೊದಿಕೆ ಗಡಸಾಗಿ ಬಿರಿಯುತ್ತದೆ. ಹಾಗಿದ್ದರೆ ತಂತಿಗಳನ್ನೆಲ್ಲ ಬದಲಿಸಿ, ಕೊಳವೆಯೊಳಗೆ ಎಳೆಸಿ.